ಏಳನೇ ನಂಬರಿನ ಅಂಗಿ

ಇವತ್ತು ಬೆಳಗ್ಗೆ ಬಿಸಿ ಕುಕ್ಕರು ಇಳಿಸಲು ನಮ್ಮ ಯಜಮಾನರು ಕೈಗೆ ಸಿಕ್ಕ ಬಟ್ಟೆಯೊಂದನ್ನು ಎಳೆದುಕೊಂಡರು. ನಿವೃತ್ತರಾದ ಮೇಲೆ ಅವರಿಗೆ ಅಡುಗೆಮನೆಯ ಮೇಲೆ ವಿಪರೀತ ಪ್ರೀತಿ ಹುಟ್ಟಿದೆ. ಯಾವ ಡಬ್ಬಿಯಲ್ಲಿ ಏನಿದೆ ಎಂದು ಗೊತ್ತಿಲ್ಲ, ಆದರೆ ವಾರಕ್ಕೊಮ್ಮೆ ಎಲ್ಲ ಡಬ್ಬಿಗಳ ಜಾಗ ಬದಲಾಯಿಸುತ್ತಾರೆ. ಅವರ ಕೈಯಲ್ಲಿದ್ದ ಬಟ್ಟೆ ನೋಡಿ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

"ಅದು ಮಸಿಬಟ್ಟೆ ಅಲ್ಲ! ಮೊದಲು ಕೆಳಗಿಡಿ!"

ಅವರು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನೋಡಿದರು. ತೋಳಿಲ್ಲದ, ಒಗೆದು ಒಗೆದು ಬಣ್ಣ ಇಳಿದ ಕಡುಗೆಂಪು ಅಂಗಿ. ಬೆನ್ನಿನ ಮೇಲೆ ಗೇಣುದ್ದದ ಬಿಳಿಯ ಏಳು. "ನಿನಗಂತೂ ಇದು ಒಂದು ತೋಳಿಗೂ ಸಾಲದು. ಮಸಿಬಟ್ಟೆ ಅಲ್ಲದಿದ್ದರೆ ಮತ್ತೇನು?" ಎಂದರು. ಮೂವತ್ತು ವರ್ಷ ಸಂಸಾರ ಮಾಡಿದವರ ಮಾತಿಗೆ ಉತ್ತರ ಕೊಡುತ್ತಾ ಕೂತರೆ ಅನ್ನ ಸೀದುಹೋಗುತ್ತದೆ. ಅಂಗಿ ಕಸಿದುಕೊಂಡು ಬಂದೆ. ನಿನ್ನೆ ಸಂಜೆ ಬಂದ ಒಂದು ಫೋನಿನಿಂದಾಗಿ ಬೀರುವಿನಿಂದ ತೆಗೆದು ಕುರ್ಚಿಯ ಮೇಲೆ ಹಾಕಿದ್ದು ನನ್ನದೇ ತಪ್ಪು. ಆ ಫೋನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಬಟ್ಟೆಗೆ ಸಾವಿಲ್ಲ, ನಿಮಗೆ ಗೊತ್ತೇ ಇದೆ. ಮದುವೆಗೆ ಉಟ್ಟದ್ದು ಹಬ್ಬಕ್ಕೆ, ಹಬ್ಬದ್ದು ಮನೆಗೆ, ಮನೆಯದ್ದು ಮಗುವಿನ ತೊಟ್ಟಿಲಿಗೆ, ಅಲ್ಲಿಂದ ಒಲೆಯ ಪಕ್ಕಕ್ಕೆ. ಎಸ್ಸೆಸ್ಸೆಲ್ಸಿ ಪಾಸಾದಾಗ ಕೊಡಿಸಿದ್ದ ನನ್ನ ಹಸಿರು ಲಂಗ ಒಂದು ದಿನ ಸಾರಿನ ಪಾತ್ರೆ ಹಿಡಿದುಕೊಂಡು ಎದುರಿಗೆ ಬಂದಾಗ ನಾನು ಅತ್ತುಬಿಟ್ಟಿದ್ದೆ. ಅವ್ವ ಮಾತ್ರ ಕಣ್ಣು ಮಿಟುಕಿಸದೆ, "ಲಂಗ ಸತ್ತೋಗಿಲ್ಲ ಕಣವ್ವ, ಕೆಲ್ಸ ಬದ್ಲಾಯ್ಸೈತೆ ಅಷ್ಟೆಯ" ಎಂದಿದ್ದಳು. ಈ ಏಳನೇ ನಂಬರಿನ ಅಂಗಿಯೂ ಕೆಲಸ ಬದಲಾಯಿಸಿದ್ದೇ. ಆದರೆ ಅದು ಮಾಡಿದ ಕೆಲಸ ಯಾವ ಅಂಗಿಯೂ ಮಾಡಿರಲಿಕ್ಕಿಲ್ಲ.

ಇದು ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿಯೊಬ್ಬಳ ಅಂಗಿ. ಬ್ಯಾಸ್ಕೆಟ್‌ಬಾಲಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ನಾನು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ಹಿಡಿಯುವುದು, ಎಸೆಯುವುದು ಎರಡೂ ನನ್ನ ಹಣೆಯಲ್ಲಿ ಬರೆದಿಲ್ಲ. ಬೂಕನಕೆರೆಯ ನಮ್ಮ ಮನೆಗೆ ಎರಡು ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುತ್ತಿದ್ದರು. ಕೆಳಗೆ ನಿಂತವರು ಹೆಂಚು ಎಸೆಯಬೇಕು, ಏಣಿಯ ಮೇಲಿದ್ದವರು ಹಿಡಿದು ಮಾಡಿನ ಮೇಲಿದ್ದವರಿಗೆ ಎಸೆಯಬೇಕು. ನನ್ನ ತಂಗಿ ಒಂದರ ಮೇಲೊಂದು ಇಟ್ಟ ಜೋಡಿ ಹೆಂಚನ್ನೇ ಹಿಡಿಯುತ್ತಿದ್ದಳು. ನಾನು ಹಿಡಿದ ಮೊದಲ ಹೆಂಚು ನೆಲಕ್ಕೆ, ಎರಡನೆಯದು ಅಪ್ಪನ ಕಾಲಿಗೆ. ಹೆಂಚೇ ನುಣುಪು ಎಂದು ನಾನು ವಾದ ಮಾಡಿದೆ. ಅಪ್ಪ ಕಾಲು ಹಿಡಿದುಕೊಂಡು ಕುಣಿಯುತ್ತಲೇ, "ನಿನ್ ಕೈಯೇನು ಬೆಣ್ಣೇಲಿ ಮಾಡೈತೇನವ್ವಾ? ಓಗು, ಓದ್ಕೋ ಓಗು" ಎಂದ. ನಾನು ಓದಿದ್ದು, ಎಂ.ಎ. ಮಾಡಿದ್ದು, ಮೇಡಂ ಆದದ್ದು ಎಲ್ಲ ಆ ಹೆಂಚಿನ ಪುಣ್ಯ.

ಆರೇಳು ವರ್ಷದ ಹಿಂದೆ ಒಂದು ದಿನ ನಮ್ಮ ಪಿ.ಟಿ. ಮೇಷ್ಟ್ರು ಪುಟ್ಟಸ್ವಾಮಿ ಸ್ಟಾಫ್ ರೂಮಿಗೆ ಬಂದು ನನ್ನೆದುರು ಕೂತರು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಹೀಗೆ ನಾಲ್ಕು ತಾಲ್ಲೂಕಿನ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಪಾಂಡವಪುರದಲ್ಲಿ ನಡೆಯುತ್ತವೆ, ಹುಡುಗಿಯರ ಜೊತೆ ಮೇಡಂ ಒಬ್ಬರು ಬರಲೇಬೇಕು ಎಂದು ನಿಯಮವಿದೆ ಎಂದರು. ಇದ್ದ ಮೂವರು ಮೇಡಂಗಳಲ್ಲಿ ಒಬ್ಬರು ಹೆರಿಗೆ ರಜೆ, ಇನ್ನೊಬ್ಬರು ಮೌಲ್ಯಮಾಪನ.

"ನನಗೆ ಆಟದ ಗಂಧಗಾಳಿ ಗೊತ್ತಿಲ್ಲ ಮೇಷ್ಟ್ರೇ" ಎಂದೆ.

"ಗೊತ್ತಿರೋದ್ ಬ್ಯಾಡ ಮೇಡಂ. ಆಡೋರು ಅವ್ರು, ಕೂಗೋನು ನಾನು. ನೀವು ಹೆಂಗ್ಸಾಗಿದ್ರೆ ಸಾಕು."

ನನ್ನ ಇಡೀ ವೃತ್ತಿಜೀವನದಲ್ಲಿ ಯಾರೂ ಅಡ್ಡಿ ಎತ್ತದೆ ಒಪ್ಪಿಕೊಂಡ ಅರ್ಹತೆ ಅದೊಂದೇ.

ತಂಡ ಎಂದರೆ ಆರು ಹುಡುಗಿಯರು. ಐವರು ಆಡುವವರು, ಒಬ್ಬಳು ಬದಲಿಗೆ. ಅವರ ಆಟದ ರೀತಿಯೇ ಬೇರೆ, ಅದಕ್ಕೊಂದು ಕಾರಣವಿತ್ತು. ಕಾಲೇಜಿನ ಸಿಮೆಂಟು ಅಂಗಳದ ಪಕ್ಕವೇ ಹೊಲಗಳು. ಸುಗ್ಗಿ ಬಂದರೆ ಅಕ್ಕಪಕ್ಕದ ರೈತರು ಹುರುಳಿ, ರಾಗಿ ತಂದು ನಮ್ಮ ಅಂಗಳದ ಮುಕ್ಕಾಲು ಭಾಗಕ್ಕೆ ಹರಡಿಬಿಡುತ್ತಿದ್ದರು. "ಏನ್ ಮೇಷ್ಟ್ರೇ, ಚೆಂಡಾಟ ಮುಂದಿನ ತಿಂಗ್ಳು ಆಡುದ್ರೆ ಚೆಂಡೇನ್ ಕೊಳ್ತೋಯ್ತದಾ?" ಎಂದು ಕೇಳಿದರೆ ಮೇಷ್ಟ್ರು ಹೂಂಗುಟ್ಟುತ್ತಿದ್ದರು, ಅವರ ಹುರುಳಿಯೂ ಅಲ್ಲೇ ಒಣಗುತ್ತಿತ್ತು. ಹುರುಳಿಯ ಮೇಲೆ ಚೆಂಡು ಪುಟಿಯುವುದಿಲ್ಲ. ಹಾಗಾಗಿ ನಮ್ಮ ಹುಡುಗಿಯರು ಚೆಂಡು ಪುಟಿಸಿಕೊಂಡು ಓಡುವುದನ್ನು ಕಲಿಯಲೇ ಇಲ್ಲ. ನೆಲಕ್ಕೆ ತಾಗಿಸದೆ ಕೈಯಿಂದ ಕೈಗೆ, ಕೈಯಿಂದ ಕೈಗೆ ಎಸೆಯುತ್ತಾ ರಾಶಿಗಳ ನಡುವೆ ನುಸುಳಿ ಬುಟ್ಟಿಯ ಹತ್ತಿರ ಹೋಗುತ್ತಿದ್ದರು. ನೋಡಿದರೆ ನಮ್ಮ ಮನೆಯ ಹೆಂಚಿನ ನೆನಪೇ ಬರುತ್ತಿತ್ತು.

ಎಲ್ಲರಿಗಿಂತ ಚುರುಕಾದವಳು ಏಳನೇ ನಂಬರಿನ ಸೌಭಾಗ್ಯ. ಕಿಕ್ಕೇರಿ ರಸ್ತೆಯ ಒಂದು ಹಳ್ಳಿಯವಳು, ಕೊನೆಯ ವರ್ಷದ ಬಿ.ಎ. ಹಿಂದಿನ ಎರಡು ವರ್ಷವೂ ನಮ್ಮ ತಂಡ ಮೊದಲ ಪಂದ್ಯದಲ್ಲೇ ಸೋತು ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸು ಬಂದಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಫೈನಲ್ ಪಂದ್ಯ ನೋಡಲು ಮಾತ್ರ ಬರುತ್ತಿದ್ದರು. ಸೌಭಾಗ್ಯಳಿಗೆ ಆ ತಂಡ ಸೇರುವ ಆಸೆ ಹುಚ್ಚಿನಷ್ಟಿತ್ತು. ಅದಕ್ಕೆ ಉಳಿದದ್ದು ಇದೊಂದೇ ವರ್ಷ.

ಅವಳ ಮನೆಯಲ್ಲಿ ಒಪ್ಪಿಸುವುದು ನನ್ನ ಪಾಲಿಗೆ ಬಂತು. ಅಪ್ಪ ಅವ್ವ ಇಬ್ಬರೂ ಕಬ್ಬು ಕಡಿಯುವ ಗಡಿಬಿಡಿಯಲ್ಲಿದ್ದರು. ಮನೆಯ ಕಾರುಬಾರೆಲ್ಲ ಅಜ್ಜಿ ತಾಯಮ್ಮನದು. ಎಪ್ಪತ್ತೈದು ದಾಟಿದ್ದರೂ ಕೋಲಿನ ಹಾಗೆ ನೆಟ್ಟಗೆ ನಡೆಯುವ ಹೆಂಗಸು. ಜಗಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ವಿಚಾರಣೆ ಶುರು ಮಾಡಿದರು.

"ಅದೇನವ್ವ ಆ ಆಟ? ಚೆಂಡ ಬುಟ್ಟಿಗಾಕೋದಂತಲ್ಲ?"

"ಹೌದಜ್ಜಿ. ಎತ್ತರದಲ್ಲಿ ಒಂದು ಬುಟ್ಟಿ ಕಟ್ಟಿರ್ತಾರೆ."

"ಚೆಂಡು ಅದ್ರೊಳಗೇ ಕೂತ್ಕತದಾ?"

"ಇಲ್ಲ, ಕೆಳಗೆ ಬೀಳುತ್ತೆ. ಬುಟ್ಟಿಗೆ ತಳ ಇರಲ್ಲ."

ಅಜ್ಜಿ ನನ್ನ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಸುರಿದರು. "ತಳ ಇಲ್ದಿದ್ ಬುಟ್ಟಿಗೆ ಮೂರ್ ವರ್ಸದಿಂದ ಚೆಂಡಾಕಿ ಏನ್ ತುಂಬ್ತಾವ್ಳೆ ಇವ್ಳು?"

ಕಾವ್ಯಗಳಿಗೆಲ್ಲ ಅರ್ಥ ಹೇಳಿ ಸಂಬಳ ಎಣಿಸುವವಳು ನಾನು. ಮಜ್ಜಿಗೆ ಚೆನ್ನಾಗಿದೆ ಎಂದೆ.

ಕೊನೆಗೆ ಅಜ್ಜಿ ಒಪ್ಪಿದರು, ಒಂದು ಷರತ್ತಿನ ಮೇಲೆ. "ಕರ್ಕಂಡೋಗವ್ವ. ಆದ್ರೆ ಒತ್ತು ಮುಳುಗೋ ಒತ್ಗೆ ಇವ್ಳು ಬೆಳ್ಳಿ ತಾವ ಇರ್ಬೇಕು. ಮಾತ್ ಕೊಡು." ಕೊಟ್ಟೆ.

ಬೆಳ್ಳಿ ಎಂದರೆ ಕೊಟ್ಟಿಗೆಯ ಸೀಮೆ ಹಸು. ಮೊದಲ ಕರು ಹಾಕಿ ಎರಡು ತಿಂಗಳಾಗಿತ್ತು. ಹೊತ್ತಿಗೆ ಎಂಟು ಲೀಟರು ಕೊಡುವ ಬೆಳ್ಳಿಗೆ ಒಂದೇ ಚಾಳಿ, ಸೌಭಾಗ್ಯಳ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಬಿಡುತ್ತಿರಲಿಲ್ಲ. ಅಪ್ಪನಿಗೆ ಒದ್ದು ಮಂಡಿ ಊದಿಸಿದ್ದಳು. ಅವ್ವ ಕೂತರೆ ಹಾಲನ್ನು ಮೇಲಕ್ಕೆ ಎಳೆದುಕೊಂಡು ಏನೂ ಗೊತ್ತಿಲ್ಲದವಳ ಹಾಗೆ ಮೆಲುಕು ಹಾಕುತ್ತಿದ್ದಳು. ಸೌಭಾಗ್ಯ ಸಂಜೆ ಅಭ್ಯಾಸ ಮುಗಿಸಿ ಬಸ್ಸಿಳಿದರೆ ಡೈರಿಗೆ ಹಾಲು ಹಾಕುವ ಹೊತ್ತಾಗಿರುತ್ತಿತ್ತು. ಬಟ್ಟೆ ಬದಲಾಯಿಸಲೂ ಪುರುಸೊತ್ತಿಲ್ಲದೆ ಆಟದ ಅಂಗಿಯಲ್ಲೇ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದಳು.

ಸೋಮವಾರ ಬೆಳಗ್ಗೆ ಹತ್ತಕ್ಕೆ ಶ್ರೀರಂಗಪಟ್ಟಣದವರ ಜೊತೆ ನಮ್ಮ ಮೊದಲ ಪಂದ್ಯ. ಆ ಹುಡುಗಿಯರ ಬೂಟೇನು, ಚೆಂಡು ಪುಟಿಸುವ ಸೊಗಸೇನು! ನಾನು ಊಟಕ್ಕೆ ಮನೆಗೇ ಹೋಗಬಹುದು ಎಂದು ಲೆಕ್ಕ ಹಾಕಿದೆ. ಆದರೆ ಅವರು ಪುಟಿಸುತ್ತಾ ಬರುವಷ್ಟರಲ್ಲಿ ನಮ್ಮವರು ಚೆಂಡು ಕಸಿದು, ನೆಲಕ್ಕೆ ತೋರಿಸದೆ ಕೈಯಿಂದ ಕೈಗೆ ದಾಟಿಸಿ, ಬುಟ್ಟಿಗೆ ಹಾಕಿ ಹಿಂದಕ್ಕೆ ಬಂದಿರುತ್ತಿದ್ದರು. ಗೆದ್ದೇಬಿಟ್ಟೆವು, ಇದ್ದದ್ದು ನಾಲ್ಕೇ ತಂಡವಾದ್ದರಿಂದ ನೇರ ಫೈನಲಿಗೆ. ಪುಟ್ಟಸ್ವಾಮಿ ಮೇಷ್ಟ್ರು ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡು, "ಹುರುಳಿ ಕೈ ಹಿಡೀತು ಮೇಡಂ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಐದು ಹುಡುಗಿಯರು ಹಾಡಿದ್ದೇ ಹಾಡಿದ್ದು. ಸೌಭಾಗ್ಯ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಹೋಗಿ ಕೂತೆ.

"ಫೈನಲ್ಲು ಬುಧವಾರ ಸಂಜೆ ನಾಕಕ್ಕಂತೆ ಮೇಡಂ. ನಂಗ್ ಬರಕ್ಕಾಗಲ್ಲ. ನೀವ್ ಅಜ್ಜಿಗ್ ಮಾತ್ ಕೊಟ್ಟಿದೀರ."

ನಾಲ್ಕಕ್ಕೆ ಶುರುವಾದರೆ ಮುಗಿಯುವುದು ಐದೂವರೆ. ಪಾಂಡವಪುರದಿಂದ ಎರಡು ಬಸ್ಸು ಹಿಡಿದು ಅವಳ ಊರು ಸೇರುವಷ್ಟರಲ್ಲಿ ಡೈರಿಯವರು ಕ್ಯಾನು ತೊಳೆದು ಬೀಗ ಹಾಕಿರುತ್ತಾರೆ. ಆಗ ನನ್ನ ಬುದ್ಧಿವಂತಿಕೆ ಜಾಗೃತವಾಯಿತು. ಓದುಗರೇ, ನನಗೆ ಬುದ್ಧಿ ಹೊಳೆದಾಗಲೆಲ್ಲ ಯಾರಿಗಾದರೂ ತೊಂದರೆಯಾಗಿದೆ.

ನಾನು ಚಿಕ್ಕವಳಿದ್ದಾಗ ನಮ್ಮ ಎಮ್ಮೆಯೂ ಅವ್ವನ ಕೈಗೆ ಮಾತ್ರ ಹಾಲು ಕೊಡುತ್ತಿತ್ತು. ಅವ್ವ ತವರಿಗೆ ಹೋದಾಗ ಅಪ್ಪ ಅವಳ ಹಳೆಯ ಸೀರೆಯನ್ನು ಮೈತುಂಬ ಹೊದ್ದು ಕರೆಯಲು ಕೂರುತ್ತಿದ್ದ. ಎಮ್ಮೆ ಮೂಸಿ ನೋಡಿ, ಅವ್ವನೇ ಎಂದುಕೊಂಡು ಸುಮ್ಮನೆ ನಿಲ್ಲುತ್ತಿತ್ತು. ಒಂದು ಸಲ ಕಂದಾಯ ವಸೂಲಿಗೆ ಬಂದವನು ಹಿಂದಿನಿಂದ ನೋಡಿ, "ಅಮ್ಮಾ, ಯಜಮಾನ್ರು ಮನೇಲಿಲ್ವಾ?" ಎಂದು ಕೇಳಿದ. ಅಪ್ಪ ಸೆರಗಿನೊಳಗಿಂದಲೇ ದಪ್ಪ ಮೀಸೆಯ ಮುಖ ತಿರುಗಿಸಿ, "ಅವ್ರು ಊರಲ್ಲಿಲ್ಲ, ಬರೋ ವಾರ ಬನ್ನಿ" ಎಂದ. ವಸೂಲಿಯವನು ಮುಂದಿನ ವರ್ಷದವರೆಗೂ ನಮ್ಮ ಬೀದಿಗೆ ಬರಲಿಲ್ಲ.

ಈ ಕಥೆ ಹೇಳಿ, "ನಾಳೆ ಸಂಜೆ ನಿನ್ನ ಆಟದ ಅಂಗಿ ಅಜ್ಜಿಗೆ ಹಾಕಿಸಿ ನೋಡು. ಬೆಳ್ಳಿಗೆ ಗುರುತಿರೋದು ಆ ಅಂಗಿಯದೇ ವಾಸನೆ" ಎಂದೆ. ಸೌಭಾಗ್ಯಳ ಮುಖ ಅರಳಿತು. ನಾನು ಊರಿಗೆಲ್ಲ ದೀಪ ಹಚ್ಚಿದವಳ ಹಾಗೆ ಹೋಗಿ ನನ್ನ ಸೀಟಿನಲ್ಲಿ ಕೂತೆ.

ಮಂಗಳವಾರ ಅವಳು ಅಂಗಿಯನ್ನು ಮನೆಯಲ್ಲೇ ಬಿಟ್ಟು ಬೇರೆ ಟೀ ಶರ್ಟಿನಲ್ಲಿ ಅಭ್ಯಾಸಕ್ಕೆ ಬಂದಳು. ಬುಧವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದಲೇ ಕೈ ಬೀಸುತ್ತಾ ಓಡಿ ಬಂದಳು. "ಮೇಡಂ, ನೆನ್ನೆ ಬೆಳ್ಳಿ ಹಾಲ್ ಬುಟ್ಬುಟ್ಲಂತೆ! ನಾನ್ ಮನೆಗ್ ಹೋಗೋಷ್ಟ್ರಲ್ಲಿ ಅಜ್ಜಿ ಡೈರಿಗೂ ಹಾಕ್ಬಂದಿತ್ತು. ಕಾಲೂ ಝಾಡಿಸ್ಲಿಲ್ವಂತೆ!"

ಪಾಂಡವಪುರದ ಮೈದಾನ ತಲುಪಿದಾಗ ಎರಡೂವರೆ. ಹುಡುಗಿಯರು ಬಟ್ಟೆ ಬದಲಾಯಿಸಲು ಹೋದರು. ಹೊರಗೆ ಬಂದಾಗ ಐವರು ಕಡುಗೆಂಪು, ಒಬ್ಬಳು ಹಳದಿ.

"ಸೌಭಾಗ್ಯ, ಅಂಗಿ ಎಲ್ಲಮ್ಮ?" ಎಂದರು ಮೇಷ್ಟ್ರು.

"ಮನೇಲಿ ಸಾರ್. ಅಜ್ಜಿ ಸಂಜೆ ಇಕ್ಕಳ್ಬೇಕಲ್ಲ."

ಮೇಷ್ಟ್ರು ನನ್ನನ್ನು ನೋಡಿದರು. ನಾನು ಮೈದಾನದಂಚಿನ ಬೇವಿನ ಮರ ನೋಡಿದೆ. ಇರುವ ಒಂದೇ ಅಂಗಿ ಒಂದೇ ಹೊತ್ತಿಗೆ ಪಾಂಡವಪುರದಲ್ಲೂ ಕೊಟ್ಟಿಗೆಯಲ್ಲೂ ಇರಲಾರದು ಎಂಬುದು ನನಗಾಗಲಿ ಅವಳಿಗಾಗಲಿ ಹೊಳೆದಿರಲೇ ಇಲ್ಲ. ಯಾವ ಬಟ್ಟೆಯಲ್ಲಾದರೂ ಆಡಬಹುದು ಎಂದುಕೊಂಡಿದ್ದಳು, ಪಾಪ. ಮೇಷ್ಟ್ರು ಬ್ಯಾಗಿನಿಂದ ಗಾಯಕ್ಕೆ ಹಾಕುವ ಬಿಳಿ ಪಟ್ಟಿ ತೆಗೆದು, ಟೀ ಶರ್ಟಿನ ಬೆನ್ನಿಗೆ ಏಳು ಎಂದು ಅಂಟಿಸಿ ರೆಫರಿಯ ಬಳಿ ಕರೆದುಕೊಂಡು ಹೋದರು. ರೆಫರಿ ಅಡ್ಡಡ್ಡ ತಲೆಯಾಡಿಸಿದರು. ಎದುರಾಳಿ ನಾಗಮಂಗಲದವರ ಬಣ್ಣವೂ ಹಳದಿಯೇ. "ಯಾರು ಯಾರ ಕಡೆ ಅಂತ ನಾನು ಹೆಂಗ್ರೀ ಹೇಳ್ಲಿ?" ಎಂದರು. ತಪ್ಪೇನೂ ಇರಲಿಲ್ಲ.

ಬದಲಿ ಆಟಗಾರ್ತಿ ಶಬಾನ ತನ್ನ ಹನ್ನೆರಡನೇ ನಂಬರು ಬಿಚ್ಚಲು ಹೊರಟಳು. "ನಂದು ಹಾಕ್ಕೊಳ್ಳೇ. ನಾನು ಹೊರಗ್ ಕೂತ್ಕೋತೀನಿ."

"ಬ್ಯಾಡ. ನೀನೂ ಮೂರ್ ವರ್ಸದಿಂದ ಕಾಯ್ತಿದೀಯ. ನನ್ ಜಾಗ್ದಲ್ಲಿ ನೀನೇ ಆಡು" ಎಂದಳು ಸೌಭಾಗ್ಯ. ಹೇಳಿ ಗೋಡೆಯ ಕಡೆ ತಿರುಗಿದಳು. ಹೆಗಲು ಅಲುಗುವುದು ಕಾಣುತ್ತಿತ್ತು. ಮೂರು ವರ್ಷದ ಕನಸನ್ನು ನನ್ನ ಬಾಯಿ ತಿಂದುಹಾಕಿತ್ತು.

ದಾರಿ ತೋರಿಸಿದವಳು ಶಬಾನಳೇ. ಅವಳ ತಂದೆ ಕೆ.ಆರ್. ಪೇಟೆಯಲ್ಲಿ ಲಗೇಜ್ ಆಟೋ ಓಡಿಸುತ್ತಿದ್ದರು. ಫೋನು ಮಾಡಿ, "ಅಬ್ಬಾ, ಜಲ್ದಿ ಸೌಭಾಗ್ಯನ ಮನೆಗೆ ಹೋಗಿ. ಅಜ್ಜಿ ಒಂದು ಅಂಗಿ ಕೊಡ್ತಾರೆ. ಪಾಂಡವಪುರಕ್ಕೆ ತರ್ಬೇಕು. ಹಾ, ಖಾಲಿ ಅಂಗಿನೇ!" ಎಂದು ಕೂಗಿದಳು. ಸೌಭಾಗ್ಯ ಅಜ್ಜಿಗೆ ಫೋನು ಹಚ್ಚಿದಳು. "ಅಜ್ಜೀ, ನಂಬರ್ ಅಂಗಿ ಇಲ್ದೆ ಆಡ್ಸಲ್ವಂತೆ. ಬೆಳ್ಳಿನ ಈಗ್ಲೇ ಕರ್ದ್ಬುಟ್ಟು ಅಂಗಿ ಕೊಟ್ಟ್ ಕಳ್ಸ್ತೀಯಾ?"

ಆ ಕಡೆಯಿಂದ, "ಈಗ್ಲೇನಾ?" ಎಂಬ ಮಾತು ಬಂತು. ಆಮೇಲೆ, "ಬತ್ತದೆ ಬುಡು" ಎಂದಷ್ಟೇ ಕೇಳಿಸಿತು. ಫೋನು ಕಟ್ಟಾಯಿತು.

ಮುಖ್ಯ ಅತಿಥಿಗಳು ತಡವಾಗಿ ಬರುವುದನ್ನು ನಾನು ಜೀವಮಾನವಿಡೀ ಬೈದಿದ್ದೇನೆ. ಆವತ್ತು ಮಾತ್ರ ಅವರ ಕಾರು ಇನ್ನೂ ಒಂದು ಗಂಟೆ ಬರದಿರಲಿ ಎಂದು ಹರಕೆ ಹೊತ್ತೆ. ನಾಲ್ಕೂವರೆಗೇ ಬಂದುಬಿಟ್ಟರು. ಭಾಷಣವನ್ನಾದರೂ ಉದ್ದ ಮಾಡುತ್ತಾರೆ ಎಂದುಕೊಂಡರೆ ಎರಡೇ ಮಾತಿಗೆ ಮುಗಿಸಿದರು. ಅವರಿಗೆ ಓಟು ಹಾಕಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

ಆಟ ಶುರುವಾಯಿತು. ಸೌಭಾಗ್ಯ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಶಬಾನ ಜೀವ ಬಿಟ್ಟು ಓಡಿದಳು. ಆದರೂ ಅರ್ಧ ಆಟ ಮುಗಿದಾಗ ನಾಗಮಂಗಲದವರು ಹದಿನಾಲ್ಕು ಪಾಯಿಂಟು ಮುಂದಿದ್ದರು. ಆರಿಸಲು ಬಂದಿದ್ದ ಕನ್ನಡಕದ ಹೆಂಗಸು ಹಳದಿ ಅಂಗಿಗಳನ್ನೇ ನೋಡಿ ನೋಡಿ ಬರೆದುಕೊಳ್ಳುತ್ತಿದ್ದರು.

ಆಗ ಗೇಟಿನ ಹತ್ತಿರ ಆಟೋದ ಹಾರ್ನು ಕೇಳಿಸಿತು. ಎಲ್ಲರೂ ತಿರುಗಿದರು. ಲಗೇಜ್ ಆಟೋದಿಂದ ತಾಯಮ್ಮಜ್ಜಿ ಇಳಿದರು. ಕೈಯಲ್ಲೊಂದು ಹಾಲಿನ ಕ್ಯಾನು. ಸೀರೆಯ ಮೇಲೆ, ಸೆರಗಿನ ಮೇಲೆ, ಕಡುಗೆಂಪು ಅಂಗಿ. ಅಷ್ಟು ಜನರ ನಡುವೆ ಹೊಲದ ಬದುವಿನ ಮೇಲೆ ನಡೆಯುವ ಹಾಗೆ ನೇರವಾಗಿ ನಮ್ಮ ಬೆಂಚಿಗೆ ಬಂದರು. ಬೆನ್ನಿನ ಮೇಲೆ ಬಿಳಿಯ ಏಳು. ಮೊದಲು ಯಾರೋ ನಕ್ಕರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಕೊನೆಗೆ ಇಡೀ ಮೈದಾನವೇ, ನಾಗಮಂಗಲದವರೂ ಸೇರಿ, ಎದ್ದು ನಿಂತು ಕೂಗಿತು. ರೆಫರಿ ಸೀಟಿ ಊದುವುದನ್ನು ಬಿಟ್ಟು ನಕ್ಕರು.

"ಇಕ್ಕಂಡೇ ಬಂದ್ಯಾ ಅಜ್ಜೀ?" ಎಂದಳು ಸೌಭಾಗ್ಯ.

"ಕೈಲಿಡ್ಕಂಡ್ರೆ ಗಾಳಿಗೆ ಆರ್ಕಂಡೋಯ್ತದೆ ಅಂತ ಇಕ್ಕಂಡೆ. ತಗೋ. ಆಲೂ ತಂದಿವ್ನಿ, ಡೈರಿ ಬಾಗ್ಲು ತೆಗ್ದಿರ್ನಿಲ್ಲ. ಓಗು, ಆ ತಳ ಇಲ್ದಿದ್ಬುಟ್ಟಿ ಎಲ್ಲೈತೆ ತೋರ್ಸು ನಂಗೆ."

ಮುಂದಿನ ಇಪ್ಪತ್ತು ನಿಮಿಷ ಸೌಭಾಗ್ಯ ಆಡಿದ ಆಟವನ್ನು ನಾನು ಬಣ್ಣಿಸಲಾರೆ, ನನಗೆ ಅದರ ಪದಗಳು ಗೊತ್ತಿಲ್ಲ. ದಣಿದಿದ್ದ ಇನ್ನೊಬ್ಬಳು ಬೆಂಚಿಗೆ ಬಂದಿದ್ದಳು, ಶಬಾನ ಆಟದಲ್ಲೇ ಉಳಿದಿದ್ದಳು. ಅವಳಿಂದ ಶಬಾನಳಿಗೆ, ಶಬಾನಳಿಂದ ಅವಳಿಗೆ ಚೆಂಡು ಹೋಗುತ್ತಿತ್ತು, ಬರುತ್ತಿತ್ತು, ನೆಲ ಎಂಬುದೊಂದು ಇದೆ ಎನ್ನುವುದೇ ಮರೆತ ಹಾಗೆ. ನಾನು ಬೆಂಚಿನ ಮೇಲೆ ಹತ್ತಿ "ಹಿಡಿ! ಎಸಿ!" ಎಂದು ಗಂಟಲು ಹರಿದುಕೊಂಡೆ. ಅವಳನ್ನು ತಡೆಯಲು ನಿಂತಿದ್ದ ನಾಗಮಂಗಲದ ಎತ್ತರದ ಹುಡುಗಿ ಮೂಗರಳಿಸಿ, "ಏನಕ್ಕ, ಅಂಗಿ ಕೊಟ್ಗೆ ವಾಸ್ನೆ ಒಡೀತದೆ. ಅಸಿನ್ ಆಲ್ ಕರ್ದ್ಬುಟ್ ಬಂದ್ಯಾ?" ಎಂದಳಂತೆ. "ನಾನಲ್ಲ, ನಮ್ಮಜ್ಜಿ." "ಒಪ್ಪೊತ್ಗೆ ಎಷ್ಟ್ ಲೀಟ್ರು?" "ಎಂಟು." "ನಮ್ದು ಆರೇ ಕಣಕ್ಕ" ಎಂದು ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಚೆಂಡು ಬುಟ್ಟಿಯೊಳಗೆ ಬಿದ್ದಿತ್ತು.

ಕೊನೆಗೆ ಮೂರು ಪಾಯಿಂಟಿನಿಂದ ಸೋತೆವು. ಆದರೆ ಕನ್ನಡಕದ ಹೆಂಗಸು ಎದ್ದು ನಮ್ಮ ಬೆಂಚಿಗೆ ಬಂದು, "ಆ ಏಳನೇ ನಂಬರಿನ ಹೆಸರು ಹೇಳಿ" ಎಂದರು. ತಾಯಮ್ಮಜ್ಜಿ, "ತಾಯಮ್ಮ" ಎಂದರು. ಅಷ್ಟು ಹೊತ್ತು ಅಂಗಿ ತೊಟ್ಟವರಿಗೆ ಅಷ್ಟೂ ಹಕ್ಕಿಲ್ಲವೇ? ಮೇಷ್ಟ್ರು ಓಡಿ ಬಂದು ಸರಿಯಾದ ಹೆಸರು ಬರೆಸಿದರು.

ಡೈರಿಗೆ ಹೋಗದ ಹಾಲನ್ನು ಮೈದಾನದ ಪಕ್ಕದ ಟೀ ಅಂಗಡಿಗೆ ಕೊಟ್ಟು ಎರಡೂ ತಂಡಕ್ಕೆ ಕಾಫಿ ಮಾಡಿಸಿದೆವು. ನಾನು ಒಲೆಯ ಪಕ್ಕವೇ ನಿಂತಿದ್ದೆ. ಹಾಲು ಉಕ್ಕಿತು, ಇಳಿಯಿತು, ಮೇಲೆ ಕೆನೆ ಕಟ್ಟಿತು. ಬೆರಳು ದಪ್ಪದ ಕೆನೆ. ನಾನು ಹೆಂಚು ಹಿಡಿಯಲಾರದವಳು ನಿಜ, ಆದರೆ ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದವಳು. ಇಂಥ ಕೆನೆ ಸೀಮೆ ಹಸುವಿನ ಹಾಲಿಗೆ ಏಳು ಜನ್ಮಕ್ಕೂ ಬರುವುದಿಲ್ಲ. ಅಜ್ಜಿಯ ಮುಖ ನೋಡಿದೆ. ನಾನು ನೋಡಿದ್ದನ್ನು ಅಜ್ಜಿಯೂ ನೋಡಿದರು. ಕೈ ಹಿಡಿದು ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದರು.

"ಪಕ್ಕದ್ಮನೆ ಎಮ್ಮೆದು ಕಣವ್ವ, ಬೇಡಿ ಇಸ್ಕಂಡ್ ಬಂದೆ. ಬೆಳ್ಳಿ ಒಂದ್ ತೊಟ್ಟೂ ಬುಡ್ಲಿಲ್ಲ. ಕರುಗೇ ಬುಟ್ಬುಟ್ಟೆ, ಒಟ್ಟೆ ತುಂಬ ಕುಡ್ಕಳ್ಳಿ ಅಂತ."

"ಮತ್ತೆ ನಿನ್ನೆ ಬಿಟ್ಟಳು ಅಂದ್ರಲ್ಲ ಅಜ್ಜಿ?"

"ನೆನ್ನೆನೂ ಅಷ್ಟೆಯ. ಅಂಗಿ ಮೂಸ್ ನೋಡಿ ತಲೆ ಒದರ್ಬುಟ್ಲು. ಅಸ ಅಂದ್ರೆ ಅಷ್ಟ್ ದಡ್ಡಾ? ಆದ್ರೆ ಇಲ್ಲ ಅಂದಿದ್ರೆ ಈ ಕೂಸು ಆಟಕ್ಕೆ ಬತ್ತಿತ್ತಾ? ಬತ್ತಿರ್ನಿಲ್ಲ. ಅದ್ಕೆ ಬುಟ್ಲು ಅಂದ್ಬುಟ್ಟೆ. ಅಂಗಿನೇ ಬುಟ್ಟೋಯ್ತಾಳೆ ಅಂತ ನಂಗೇನವ್ವ ಗೊತ್ತು?" ಅಜ್ಜಿ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. "ಎರಡೊತ್ತು ಡೈರಿಗೆ ಆಲೋಗ್ದಿದ್ರೆ ಊರೇನ್ ಮುಳುಗೋಗಲ್ಲ. ಅವ್ಳ್ಗೇಳ್ಬ್ಯಾಡ, ಆಯ್ತಾ?"

ಆಯ್ತು ಎಂದೆ. ಆ ಕಾಫಿಯಷ್ಟು ಒಳ್ಳೆಯ ಕಾಫಿಯನ್ನು ನಾನು ಮತ್ತೆ ಕುಡಿದಿಲ್ಲ. ಅಜ್ಜಿಗೆ ಆವತ್ತು ಕೊಟ್ಟ ಮಾತನ್ನು ಇಲ್ಲಿ ನಿಮ್ಮೆದುರು ಮುರಿಯುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಸೌಭಾಗ್ಯ ಗೊತ್ತಿದ್ದರೆ ದಯವಿಟ್ಟು ಬಾಯಿ ಬಿಡಬೇಡಿ.

ಅವಳು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದಳು, ಅಲ್ಲಿಯ ಅಂಗಿ ಬೇರೆ. ಕಾಲೇಜಿಗೆ ಹೊಸ ಅಂಗಿಗಳು ಬಂದಾಗ ಪುಟ್ಟಸ್ವಾಮಿ ಮೇಷ್ಟ್ರು ಹಳೆಯವನ್ನು ಬೋರ್ಡು ಒರೆಸಲು ಹಂಚುತ್ತಿದ್ದರು. ಏಳನೆಯದನ್ನು ನಾನು ಕಾಡಿ ಬೇಡಿ ಮನೆಗೆ ತಂದೆ. ಸೌಭಾಗ್ಯ ಈಗ ನಾಗಮಂಗಲದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು, ದಿನವೂ ಊರಿಂದಲೇ ಓಡಾಡುತ್ತಾಳೆ. ನಿನ್ನೆ ಸಂಜೆ ಫೋನು ಮಾಡಿದ್ದು ಅವಳೇ.

"ಮೇಡಂ, ನಮ್ ಸ್ಕೂಲ್ ಹುಡ್ಗೀರು ಫೈನಲ್ಗೆ ಬಂದವ್ರೆ! ನಾಡಿದ್ದು ಸಂಜೆ ಶ್ರೀರಂಗಪಟ್ಣದಲ್ಲಿ. ಆದ್ರೆ ಬೆಳ್ಳಿ ಮಗ್ಳು ಮೊದಲ್ನೇ ಕರ ಹಾಕವ್ಳೆ, ಅವಳ ಥರಾನೇ, ನನ್ನ್ ಬಿಟ್ರೆ ಯಾರ್ನೂ ಹತ್ರ ಸೇರ್ಸಲ್ಲ. ಆ ಏಳನೇ ನಂಬರ್ ಅಂಗಿ ನಿಮ್ಮತ್ರ ಐತಲ್ವಾ? ನಾನು ಇಕ್ಕಂಡು ಎರಡ್ ಹೊತ್ತು ಕರ್ದು ವಾಸ್ನೆ ಹಿಡಿಸ್ತೀನಿ. ಆಮೇಲೆ ಅಜ್ಜಿ ಇಕ್ಕಂಡ್ರೆ ಬುಟ್ಬುಡ್ತಾಳೆ, ಬೆಳ್ಳಿ ಬಿಟ್ಟಿರ್ಲಿಲ್ವಾ?"

ಹೂಂ ಎಂದೆ. ರಾತ್ರಿಯೆಲ್ಲ ಒದ್ದಾಡಿದೆ. ಅಂಗಿಯಿಂದ ಏನೂ ಆಗುವುದಿಲ್ಲ ಎಂದು ಹೇಳಿದರೆ ಅವಳು ತನ್ನ ಹುಡುಗಿಯರ ಜೊತೆ ಹೋಗುವುದಿಲ್ಲ. ಹೇಳದಿದ್ದರೆ ಎಂಬತ್ತು ದಾಟಿದ ಅಜ್ಜಿ ಆ ಪಡ್ಡೆ ಹಸುವಿನ ಕಾಲಬುಡದಲ್ಲಿ ಕೂರಬೇಕು. ಈಗ ಅಂಗಿಯನ್ನು ಕುಕ್ಕರಿನಿಂದ ಕಾಪಾಡಿದ ಮೇಲೆ ತಡೆಯಲಾರದೆ ಅಜ್ಜಿಗೇ ಫೋನು ಮಾಡಿದೆ. ಕಿವಿ ಸ್ವಲ್ಪ ಮಂದ, ಧ್ವನಿ ಮಾತ್ರ ಹಾಗೇ ಇದೆ.

"ಅಜ್ಜೀ, ಅಂಗಿ ಕೇಳ್ತಿದಾಳೆ. ಏನ್ಮಾಡ್ಲಿ?"

"ಕಳ್ಸವ್ವ, ಅದ್ಕೇನು. ಇಕ್ಕಂಡು ದೂರ್ದಲ್ಲೇ ಕೂತ್ಕತೀನಿ, ಕರ ಕುಡ್ಕತದೆ" ಎಂದರು ಅಜ್ಜಿ. "ನಾಳೆ ಸಂಜೆ ಫೋನ್ ಮಾಡ್ತಾಳೆ. ಬುಟ್ಲು ಕಣವ್ವ, ಕಾಲೂ ಜಾಡಿಸ್ಲಿಲ್ಲ, ನೀನ್ ಆಟ ನೋಡ್ಕ ಅಂತೀನಿ."